ಬಾಗಿಲು ತೆರೆದಿಡಿ ಎಂದ ಅಕ್ಕ

ಮೇ ತಿಂಗಳ ಕಡೆಯ ದಿನ ಆ ಅಕ್ಕನಿಗೆ ಉಣ್ಣೆ ಶಾಲು ಹೊದಿಸಿ ಮನೆಗೆ ಕಳಿಸಿದರು. ಸೇಲಂನ ಮೇ ತಿಂಗಳು ಅಂದರೆ ಏನೆಂದು ತಿಳಿಯದವರು ಒಂದು ಮಧ್ಯಾಹ್ನ ನಮ್ಮ ಬೀದಿಗೆ ಬಂದು ಚಪ್ಪಲಿ ಬಿಟ್ಟು ನಿಂತು ನೋಡಬಹುದು. ಆದರೆ ನಿವೃತ್ತರಾದವರಿಗೆ ಶಾಲು ಹೊದಿಸಲೇಬೇಕು, ಹೊದಿಸಿದ ಶಾಲನ್ನು ಫೋಟೋ ಮುಗಿಯುವ ತನಕ ತೆಗೆಯಬಾರದು. ಒಬ್ಬರಾದ ಮೇಲೊಬ್ಬರು ಬಂದು ಒಂದರ ಮೇಲೊಂದು ಹೊದಿಸಿದರು. ಊರನ್ನು ಬಿಸಿಲಿನಿಂದ ಕಾಪಾಡಿದ ತಾಯಿ ಎಂದು ಮೈಕಿನಲ್ಲಿ ತಮಿಳಿನಲ್ಲಿ ಹೊಗಳಿದರು. ಕೆನ್ನೆಯ ಮೇಲೆ ಬೆವರು ಇಳಿಯುತ್ತಿದ್ದರೂ ಅಕ್ಕ ಒರೆಸಿಕೊಳ್ಳದೆ ಕೂತಿದ್ದರು. ಅವರ ಅಣ್ಣ ಬಿಸಿಲಿಗೆ ಸಿಕ್ಕಿ ತೀರಿಕೊಂಡು ಆಗ ಇನ್ನೂ ತಿಂಗಳು ತುಂಬಿರಲಿಲ್ಲ.

ನಾನು ಅಮ್ಮಾಪೇಟೆಯ ನೇಕಾರರ ಬೀದಿಯ ಮೂಲೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನು. ನಮ್ಮ ಬೀದಿಯಲ್ಲಿ ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಓದು ಬರೆಹವೆಲ್ಲ ತಮಿಳಿನಲ್ಲೇ. ಔಷಧಿ ಓದಲು ತುಮಕೂರಿಗೆ ಹೋದ ಪುಣ್ಯಕ್ಕೆ ನನಗೆ ಕನ್ನಡದ ನಾಲ್ಕಕ್ಷರ ಕೈಗೆ ಹತ್ತಿತು. ಅದನ್ನು ಇದುವರೆಗೆ ಯಾತಕ್ಕೂ ಬಳಸಿರಲಿಲ್ಲ, ಈಗ ಈ ಅಕ್ಕನ ಬಗ್ಗೆ ಬರೆಯಲು ಬಳಸುತ್ತಿದ್ದೇನೆ. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಈಗ ಅವರಿರುವ ಅದಿಯಮಾನ್‌ಕೋಟೆಯ ಮಗಳ ಮನೆಯಿಂದ ಫೋನು ಮಾಡಿ, "ಏನ್ಲಾ, ನನ್ ಕತೆ ಊರಿಗೆಲ್ಲಾ ಅಂಚ್ತಾ ಇದೀಯಾ" ಎಂದು ಬೈಯುತ್ತಾರೆ. ಬೈದರೆ ಒಳ್ಳೆಯದೇ, ಈಚೆಗೆ ಅವರು ಫೋನು ಮಾಡುವುದನ್ನೇ ಬಿಟ್ಟಿದ್ದಾರೆ. ಅವರು ದುಡಿದ ಕಚೇರಿಯ ಹೆಸರೂ ಬೇಡ. ಹೆಸರು ಹೇಳಿದರೆ ಕಚೇರಿಗೆ ಏನೂ ಆಗುವುದಿಲ್ಲ, ನನ್ನ ಅಂಗಡಿಗೆ ಆಗುತ್ತದೆ.

ಅವರ ನಡಿಗೆ ಜೋರು. ಮಾತು ಇನ್ನೂ ಜೋರು. ಗಂಡಸರು ಹಿಡಿಯುವ ದೊಡ್ಡ ಕರಿ ಕೊಡೆ ಸದಾ ಕಂಕುಳಲ್ಲಿ ಇರುತ್ತಿತ್ತು. ಅದನ್ನು ತಮಗೋಸ್ಕರ ಬಿಚ್ಚಿದ್ದನ್ನು ನಾನು ನೋಡಿದ್ದು ಕಡಿಮೆ. ದಾರಿಯಲ್ಲಿ ಬಸುರಿಯೋ ಮುದುಕರೋ ಸಿಕ್ಕಿದರೆ ಬಿಚ್ಚಿ ಅವರ ತಲೆಯ ಮೇಲೆ ಹಿಡಿದು, ಅವರ ಮನೆಯ ತನಕ ಗದರಿಸುತ್ತಾ ನಡೆಯುತ್ತಿದ್ದರು. ಬಿಸಿಲಲ್ಲಿ ತಿರುಗಬೇಡಿ ಎಂದು ಹೇಳುವುದಕ್ಕೆ ತಾವೇ ಬಿಸಿಲಲ್ಲಿ ತಿರುಗುತ್ತಿದ್ದುದರಿಂದ ಮಕ್ಕಳು ಅವರಿಗೆ ಬಿಸಿಲಕ್ಕ ಎಂದು ಹೆಸರಿಟ್ಟಿದ್ದರು. ಅವರಿಗೂ ಅದು ಗೊತ್ತಿತ್ತು. "ನೆರಳಕ್ಕ ಅನ್ನೋ ಅಂಗೆ ಏನೂ ಮಾಡ್ಲಿಲ್ವಲ್ಲ, ಬಿಡು" ಎಂದು ನಗುತ್ತಿದ್ದರು.

ಇನ್ನೊಂದು ಅಭ್ಯಾಸ ಇತ್ತು. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯ ಮೇಲೆ ಅಂಗೈ ಇಡುತ್ತಿದ್ದರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಒಮ್ಮೆ ಹೀಗೆ ನನ್ನ ಅಂಗಡಿಯ ಗೋಡೆ ಮುಟ್ಟಿ, ತಲೆನೋವಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ನೇಕಾರರ ಹೆಂಗಸೊಬ್ಬಳನ್ನು ನೋಡಿ ನನಗೆ ಹೇಳಿದರು: "ಜ್ವರ ಇರೋದು ಮನೇಗೆ ಕಣ್ಲಾ. ನೀನು ಮನ್ಸಂಗೆ ಮಾತ್ರೆ ಕೊಟ್ರೆ ಬಿಟ್ಟೋಗ್ತೈತಾ?" ನಾನು ಔಷಧಿ ಮಾರುವವನು, ಮನೆಗೆ ಕೊಡುವ ಮಾತ್ರೆ ನನ್ನ ಹತ್ತಿರ ಇರಲಿಲ್ಲ. ಅವರ ಹತ್ತಿರವೂ ಇರಲಿಲ್ಲ.

ಅವರು ಕಚೇರಿಯಲ್ಲಿ ಮನೆ ಕಟ್ಟುವವರ ನಕ್ಷೆ ನೋಡುವ ವಿಭಾಗದಲ್ಲಿದ್ದವರು. ಸರ್ವಿಸು ಮುಗಿಯಲು ನಾಲ್ಕೈದು ವರ್ಷ ಇದೆ ಅನ್ನುವಾಗ ಮೇಲಿನಿಂದ ಅಪ್ಪಣೆ ಬಂತು. ಹವಾಮಾನ ಬದಲಾಗುತ್ತಿದೆ, ಪ್ರತಿಯೊಂದು ನಗರವೂ ಬೇಸಿಗೆಗೆ ಮುಂಚೆಯೇ ಸಿದ್ಧವಾಗಬೇಕು, ಅದಕ್ಕೊಂದು ಸಮಿತಿ ಮಾಡಿ ಎಂದು. ಸಮಿತಿಯನ್ನು ಹೊರಲು ಯಾರೂ ಮುಂದೆ ಬರಲಿಲ್ಲ. ರಸ್ತೆಯಲ್ಲಿ ಜಲ್ಲಿ ಇದೆ, ಚರಂಡಿಯಲ್ಲಿ ಸಿಮೆಂಟು ಇದೆ, ನೆರಳಿನಲ್ಲಿ ಏನಿದೆ? ಕೊನೆಗೆ ಈ ಅಕ್ಕನ ತಲೆಗೆ ಕಟ್ಟಿದರು. ಅವರು ಮಾತ್ರ ಅದನ್ನು ಮನಸಾರೆ ಒಪ್ಪಿಕೊಂಡರು. ಯಾಕೆಂದರೆ ಆ ಹೊತ್ತಿಗೆ ಅವರ ಅಣ್ಣ ಪ್ರತಿ ಬೇಸಿಗೆಯಲ್ಲೂ ಮಗ್ಗದ ಮೇಲೆ ಒಂದೆರಡು ಸಲ ತಲೆ ತಿರುಗಿ ಬೀಳುತ್ತಿದ್ದ. ಊರಿಗೆ ಏನಾದರೂ ಆದರೆ ಅಣ್ಣನಿಗೂ ಆದೀತು ಎಂಬುದು ಅವರ ಲೆಕ್ಕಾಚಾರ. ಇದನ್ನು ಅವರು ಮುಚ್ಚಿಡಲೂ ಇಲ್ಲ.

ಈ ಅಣ್ಣನ ವಿಚಾರ ಸ್ವಲ್ಪ ಹೇಳಬೇಕು. ಅಕ್ಕನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಅಪ್ಪ ಬೇಗ ಹೋದದ್ದರಿಂದ ಅವನು ಮೀಸೆ ಮೂಡುವ ಮೊದಲೇ ಮಗ್ಗಕ್ಕಿಳಿದಿದ್ದ. ತಂಗಿ ಓದಿ ಕಚೇರಿ ಸೇರಿದ್ದು ಆ ಮಗ್ಗದ ಬಲದಿಂದಲೇ. ಇಳಿದಿದ್ದ ಅಂದರೆ ನಿಜವಾಗಿಯೂ ಇಳಿದದ್ದು: ನಮ್ಮಲ್ಲಿ ಮಗ್ಗದ ಕೆಳಗೆ ನೆಲದಲ್ಲಿ ಗುಂಡಿ ಇರುತ್ತದೆ, ನೇಯುವವನು ಕಾಲನ್ನು ಗುಂಡಿಯಲ್ಲಿ ಬಿಟ್ಟು ಕೂರುತ್ತಾನೆ. ಅವನು ನೇಯುತ್ತಿದ್ದುದು ಮದುವೆಯ ರೇಷ್ಮೆ ಸೀರೆ. ವೈಕಾಸಿಯಲ್ಲಿ, ಅಂದರೆ ಮೇ ನಡುವಿನಿಂದ ಜೂನ್ ನಡುವಿನ ತನಕ, ಮುಹೂರ್ತಗಳು ಹೆಚ್ಚು. ವೈಕಾಸಿಯ ಮುಹೂರ್ತಕ್ಕೆ ಸೀರೆ ಬೇಕಾದರೆ ಅದರ ಹಿಂದಿನ ಪಂಗುನಿ ಚಿತ್ತಿರೆ ತಿಂಗಳುಗಳ ಉರಿಯಲ್ಲೇ ನೇಯಬೇಕು. ಕೆಲಸ ಹೆಚ್ಚಿರುವುದೂ ಬಿಸಿಲು ಹೆಚ್ಚಿರುವುದೂ ಒಂದೇ ಹೊತ್ತಿನಲ್ಲಿ. ಇದನ್ನು ಯಾವ ಸಮಿತಿ ಬದಲಾಯಿಸುತ್ತದೆ? ಮದುವೆ ಮುಂದಕ್ಕೆ ಹಾಕಿ ಎಂದು ಯಾರಿಗೆ ಹೇಳುವುದು?

ಸಮಿತಿಯ ಶುರುವಿನಲ್ಲಿ ಅಕ್ಕನನ್ನು ತರಬೇತಿಗೆ ಕಳಿಸಿದರು. ದೊಡ್ಡ ಹೋಟೆಲಿನ ಎ.ಸಿ. ಹಾಲು. ಎಲ್ಲಿಂದಲೋ ಬಂದ ತಜ್ಞರು ಎರಡು ದಿನ ಬಿಸಿಲಿನ ಬಗ್ಗೆ ಹೇಳಿದರಂತೆ. ಮೂರನೆಯ ದಿನ ಅಕ್ಕ ನನ್ನ ಅಂಗಡಿಗೆ ಮೂಗು ಸೊರಸೊರ ಮಾಡುತ್ತಾ ಬಂದರು. "ಬಿಸ್ಲು ಕಲ್ಯಾಕೆ ಓಗಿ ಸೀತ ಇಡ್ಕೊಂಡ್ ಬಂದೆ ಕಣ್ಲಾ, ಒಂದ್ ಮಾತ್ರೆ ಕೊಡು" ಎಂದರು. ಬೀದಿಯೆಲ್ಲ ಇದನ್ನು ಹೇಳಿಕೊಂಡು ನಕ್ಕಿತು. ನಗಿಸುವುದರಲ್ಲಿ ಅವರಿಗೆ ನಾಚಿಕೆ ಇರಲಿಲ್ಲ, ನಗುವವರು ಕೇಳುತ್ತಾರೆ ಎಂದು ಅವರ ನಂಬಿಕೆ.

ಆ ತರಬೇತಿಯಿಂದ ಒಂದು ಕಿರುಪುಸ್ತಕ ಬಂತು. ಬಣ್ಣದ ಚಿತ್ರ, ನುಣುಪು ಕಾಗದ. ಅದರ ಮೊದಲನೆಯ ಮಾತೇ ಬಾಗಿಲು ಕಿಟಕಿ ತೆರೆದಿಟ್ಟು ಗಾಳಿಯಾಡಲು ಬಿಡಿ ಎಂಬುದು. ಅಕ್ಕ ಅದನ್ನು ಬೆರಳಿಟ್ಟು ನನಗೆ ತೋರಿಸಿದರು. ನಾನೂ ನೇಕಾರರ ಮಗ, ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಾಳಿ ನಮ್ಮ ಬೀದಿಯ ಶತ್ರು. ಒಣಗಾಳಿ ಬಡಿದರೆ ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆ ಒಣಗಿ ಪಟಪಟ ತುಂಡಾಗುತ್ತದೆ, ಒಂದೊಂದು ಎಳೆಯನ್ನು ಗಂಟು ಹಾಕುತ್ತಾ ಕೂತರೆ ದಿನವೇ ಹೋಗುತ್ತದೆ. ಅದಕ್ಕೇ ಮಗ್ಗದ ಕೋಣೆಯ ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ, ಫ್ಯಾನು ಕೂಡ ಹಾಕದೆ ನೇಯುತ್ತಾರೆ. ನಮ್ಮ ಬೀದಿಯ ಮಕ್ಕಳು ಅಮ್ಮ ಅಪ್ಪ ಅನ್ನುವುದನ್ನು ಕಲಿತ ಕೂಡಲೇ ಕೇಳಿಸಿಕೊಳ್ಳುವ ಮಾತು "ಬಾಗ್ಲಾಕು, ಗಾಳಿ ಬತ್ತೈತೆ" ಎಂಬುದು. ಅಕ್ಕನ ಅವ್ವ ಸಾಯುವ ಹೊತ್ತಿನಲ್ಲಿ, ನೋಡಲು ಬಂದವರಿಗೂ ಹಾಗೆಯೇ ಅಂದಿದ್ದರಂತೆ.

ಅಕ್ಕ ಕಚೇರಿಯ ಸಭೆಯಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳಿದರು. ನೇಕಾರರಿಗೆ ಈ ಮಾತು ನಡೆಯುವುದಿಲ್ಲ, ಅವರಿಗೆ ಬೇರೆ ಉಪಾಯ ಹುಡುಕಬೇಕು, ಮನೆಯ ಮೇಲಿನ ಮಾಡು ತಂಪಾಗಬೇಕು ಎಂದರು. ಅಧ್ಯಕ್ಷತೆ ವಹಿಸಿದವರು ಗಮನವಿಟ್ಟು ಕೇಳಿ "ಪಾರ್ಕಲಾಂ" ಎಂದರಂತೆ. ನೋಡೋಣ ಎಂದು ಅದರ ಅರ್ಥ. ಆಗುವುದಿಲ್ಲ ಎನ್ನುವುದಕ್ಕೆ ತಮಿಳಿನಲ್ಲಿ ಇದಕ್ಕಿಂತ ಮರ್ಯಾದೆಯ ಮಾತಿಲ್ಲ. ಪುಸ್ತಕ ಆಗಲೇ ಅಚ್ಚಾಗಿ ಬಂದು ಕಟ್ಟುಗಟ್ಟಲೆ ಬಿದ್ದಿತ್ತು. ಹಂಚಬೇಕಾದದ್ದು ಅಕ್ಕನ ಕೆಲಸ. ಹಂಚಿದರು. ಮನೆಮನೆಗೆ ಹೋಗಿ, ನಡೆಯುವುದಿಲ್ಲ ಎಂದು ತಮಗೇ ಗೊತ್ತಿದ್ದ ಮಾತನ್ನು ಓದಿ ಹೇಳಿದರು. ಅವರಣ್ಣ ಆ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಕಿಟಕಿಯ ಸಂದಿಗೆ ತುರುಕಿದ. ಅಲ್ಲಿಂದ ಸ್ವಲ್ಪ ಗಾಳಿ ಬರುತ್ತಿತ್ತು. "ಚೆನ್ನಾಗೈತೆ ಆಪೀಸರಮ್ಮ, ಅಳತೆಗೆ ಸರ್ಯಾಗೈತೆ" ಎಂದ. ಅಕ್ಕ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡು ನಕ್ಕರು.

ನೀರಿನ ಪಂದಲುಗಳ, ಅಂದರೆ ಅರವಟ್ಟಿಗೆಗಳ ಪ್ರಸಂಗ ಇನ್ನೊಂದು. ಬೇಸಿಗೆ ಬಂತೆಂದರೆ ಊರಿನ ತಿರುವುಗಳಲ್ಲಿ ದೊಡ್ಡವರು ರಿಬ್ಬನ್ ಕತ್ತರಿಸಿ ಪಂದಲು ತೆರೆಯುತ್ತಾರೆ. ಮೊದಲ ದಿನ ಕಲ್ಲಂಗಡಿ, ಮರುದಿನ ಮಜ್ಜಿಗೆ, ಆಮೇಲೆ ಬರೀ ನೀರು, ಅದಾದ ಮೇಲೆ ಬರೀ ಪಂದಲು. ಅಕ್ಕ ಸಂಜೆಯ ಹೊತ್ತು ಕಚೇರಿಯಿಂದ ಬರುವಾಗ ಒಂದೊಂದು ಪಂದಲಿನ ಮಡಕೆಗೂ ಕೈ ಹಾಕಿ ನೋಡುತ್ತಿದ್ದರು. ಖಾಲಿ ಇದ್ದರೆ ಪಕ್ಕದ ಟೀ ಅಂಗಡಿಯವನಿಗೆ ಬೈದು ನೀರು ತುಂಬಿಸುತ್ತಿದ್ದರು. ಟೀ ಅಂಗಡಿಯವನಿಗೂ ಆ ಪಂದಲಿಗೂ ಏನೂ ಸಂಬಂಧ ಇರಲಿಲ್ಲ ಪಾಪ. ಈ ವರ್ಷ ಸಿಗ್ನಲ್ಲುಗಳಲ್ಲಿ ಗಾಡಿ ನಿಲ್ಲುವ ಕಡೆ ಹಸಿರು ಬಲೆ ಕಟ್ಟಿದ್ದಾರೆ. ಅದರ ಕೆಳಗೆ ಸ್ಕೂಟರ್ ನಿಲ್ಲಿಸಿದಾಗಲೆಲ್ಲ, ಆಚೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಾ ಬಿಸಿಲಲ್ಲೇ ನಿಂತವರು ಕಾಣುತ್ತಾರೆ. ಅಕ್ಕ ಈಗ ಊರಲ್ಲಿ ಇದ್ದಿದ್ದರೆ ಏನೆನ್ನುತ್ತಿದ್ದರು ಎಂದು ನನಗೆ ಗೊತ್ತು, ಬರೆಯಲು ಯೋಗ್ಯವಲ್ಲ.

ಮಾಡಿಗೆ ಬಿಳಿ ಬಣ್ಣ ಬಳಿದರೆ ಒಳಗೆ ತಂಪಾಗುತ್ತದೆ ಎಂದು ಒಂದು ಯೋಜನೆ ಬಂದಾಗ ಅಕ್ಕ ಹೋರಾಡಿ, ಗೋಗರೆದು, ನಮ್ಮ ಬೀದಿಯನ್ನು ಅದಕ್ಕೆ ಸೇರಿಸಿದರು. ನಮ್ಮ ಮನೆಗಳದ್ದು ಸಿಮೆಂಟ್ ಶೀಟಿನ ಮಾಡು. ಮಗ್ಗದ ನೇರಕ್ಕೆ ಮಾತ್ರ ಬೆಳಕು ಬೀಳಲಿ ಎಂದು ಒಂದು ಕನ್ನಡಿ ಶೀಟು ಹಾಕಿರುತ್ತಾರೆ, ಅದರೊಳಗಿಂದ ಬೆಳಕು ಹಾಯುತ್ತದೆ. ಬಣ್ಣದವರು ಹೊರ ಊರಿನವರು. ಒಂದೇ ಬೆಳಗ್ಗೆ ಇಡೀ ಬೀದಿಯ ಮಾಡುಗಳ ಮೇಲೆ ಓಡಾಡಿ, ಶೀಟು ಕನ್ನಡಿ ಎನ್ನದೆ ಎಲ್ಲದಕ್ಕೂ ಬಳಿದು ಹೋದರು. ಕೆಳಗೆ ಮಗ್ಗಗಳಿಗೆಲ್ಲ ಕತ್ತಲು. ಟ್ಯೂಬ್‌ಲೈಟಿನಲ್ಲಿ ರೇಷ್ಮೆಯ ಬಣ್ಣ ಸುಳ್ಳು ಹೇಳುತ್ತದೆ, ಮದುಮಗಳ ಸೀರೆಯ ಅರಕು ಕೆಂಪು ಬೇರೆಯದೇ ಕಾಣುತ್ತದೆ. ಗಂಡಸರೆಲ್ಲ ಬ್ಲೇಡು ಸೀಮೆಎಣ್ಣೆ ಹಿಡಿದು ಮಾಡು ಹತ್ತಿದರು. ಅಕ್ಕನೂ ಸೀರೆ ಎತ್ತಿ ಕಟ್ಟಿ ಏಣಿ ಹತ್ತಿ, ಅಣ್ಣನ ಜೊತೆ ಕೂತು ಕೆರೆದರು. ಅವತ್ತು ಮಾಡಿನ ಮೇಲಿನಿಂದ ಏರ್ಕಾಡಿನ ಬೆಟ್ಟ ಚೆನ್ನಾಗಿ ಕಾಣುತ್ತಿತ್ತು. ಅಣ್ಣ ತಂಗಿ ಇಬ್ಬರೂ ಕೆರೆಯುವುದು ಬಿಟ್ಟು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದರು.

ಆ ಬಣ್ಣದಿಂದ ಉಪಯೋಗವಾಗಲಿಲ್ಲ ಅನ್ನಲಾರೆ. ಆ ಬೇಸಿಗೆ ಒಳಗೆ ಸ್ವಲ್ಪ ಉಸಿರಾಡುವಂತಿತ್ತು, ಅವರಣ್ಣ ಒಂದು ಸಲವೂ ಬೀಳಲಿಲ್ಲ. ಅಕ್ಕ ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿದರು. ಆಮೇಲೆ ಐಪ್ಪಸಿಯಲ್ಲಿ, ದೀಪಾವಳಿಯ ಸುಮಾರಿಗೆ, ಮಳೆ ಬಂತು. ಈಗಿನ ಮಳೆಯ ರೀತಿ ನಿಮಗೆ ಗೊತ್ತಲ್ಲ, ಬಂದರೆ ಒಂದೇ ಸಂಜೆಯಲ್ಲಿ ತಿಂಗಳಿನದು ಬಂದು ಬೀಳುತ್ತದೆ. ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತು ಮಗ್ಗದ ಗುಂಡಿಗಳೆಲ್ಲ ತುಂಬಿದವು, ಮಾಡಿನ ಬಣ್ಣ ಸುಲಿದು ಬಂತು. ಮತ್ತೆ ಬಳಿಯಲು ಕೇಳಿದರೆ ಯೋಜನೆ ಮುಗಿಯಿತು ಎಂದರು. ಹೊಸದು ಬಂದರೆ ಪಾರ್ಕಲಾಂ.

ಕಚೇರಿಯವರ ಜೊತೆ ಒಮ್ಮೆ ಅಕ್ಕ ಕೊಳತ್ತೂರಿನ ಮೇಲಿನ ಪಾಲಮಲೆಗೆ ಹೋಗಿದ್ದರು. ಬೆಟ್ಟದ ಹಳ್ಳಿಗಳಲ್ಲಿ ಏನು ಬದಲಾಗಿದೆ ಎಂದು ಕೇಳಿಕೊಂಡು ಬರುವ ಕೆಲಸ. ಅವರ ಮನಸ್ಸಿನಲ್ಲಿ ಬೇರೆ ಆಸೆಯೂ ಇತ್ತು. ಅಣ್ಣನನ್ನು ಎರಡು ತಿಂಗಳು ಅಲ್ಲಿ ಯಾರದಾದರೂ ಮನೆಯಲ್ಲಿ ಇರಿಸಿದರೆ ಹೇಗೆ ಎಂದು. ಅಲ್ಲಿ ರಾಗಿ ಅವರೆ ಬೆಳೆಯುವ ಒಬ್ಬ ಮುದುಕನನ್ನು ಕೇಳಿದರಂತೆ, ನಿಮಗೇನಪ್ಪಾ, ಮೇಲೆ ತಂಪಾಗಿದ್ದೀರಿ ಎಂದು. ಅವನು, ಇಲ್ಲೂ ಬಿಸಿಲು ಹತ್ತಿ ಬಂದಿದೆ, ನೀವಾದರೂ ಬೆಟ್ಟ ಹತ್ತಿ ಬಂದಿರಿ, ನಾವು ಇನ್ನೂ ಮೇಲೆ ಹೋಗೋಣವೆಂದರೆ ಬೆಟ್ಟವಿಲ್ಲ ಎಂದನಂತೆ. ಅಕ್ಕ ಅದನ್ನು ನನಗೆ ಹೇಳುವಾಗ ನಗಲಿಲ್ಲ. ಆದರೂ ಅಣ್ಣನ ಮುಂದೆ ಮಾತೆತ್ತಿದರು. ಅವನು ಲಾಳಿ ನಿಲ್ಲಿಸದೆಯೇ ಕೇಳಿದ: "ಗುಂಡೀನ ಅಗ್ದು ತಲೆ ಮ್ಯಾಗೆ ಒತ್ಕೊಂಡ್ ಓಗ್ಲಾ?" ಮಗ್ಗದ ಮರವನ್ನು ಬಿಚ್ಚಿ ಸಾಗಿಸಬಹುದು. ಗುಂಡಿ ಮನೆಯ ನೆಲದ್ದು, ಅದು ಎಲ್ಲಿಗೂ ಬರುವುದಿಲ್ಲ.

ಹೋದ ವರ್ಷದ ಬಿಸಿಲು ಮಾಸಿಯಲ್ಲೇ, ಶಿವರಾತ್ರಿಯ ಹೊತ್ತಿಗೇ, ಶುರುವಾಯಿತು. ಹಗಲು ಸುಡುವುದು ನಮಗೆ ಹೊಸದಲ್ಲ, ಇರುಳೂ ತಣಿಯದೆ ಹೋದದ್ದು ಹೊಸದು. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವಾಗಲೇ ಶಟರು ಬೆಚ್ಚಗೆ ಇರುತ್ತಿತ್ತು. ಅಕ್ಕನಿಗೆ ಸಮಿತಿ, ಪುಸ್ತಕ, ಪಂದಲು ಯಾವುದರ ಮೇಲೂ ನಂಬಿಕೆ ಉಳಿದಿರಲಿಲ್ಲ. ನಿವೃತ್ತಿಗೆ ಕೆಲವೇ ತಿಂಗಳು. ಈ ಒಂದು ಬೇಸಿಗೆ ಅಣ್ಣನನ್ನು ದಾಟಿಸಿಬಿಡುತ್ತೇನೆ, ಆಮೇಲೆ ನಾನೇ ಮನೆಯಲ್ಲಿರುತ್ತೇನೆ, ಮಧ್ಯಾಹ್ನ ಅವನನ್ನು ರಟ್ಟೆ ಹಿಡಿದು ಎಬ್ಬಿಸುತ್ತೇನೆ ಎಂದು ನನ್ನ ಹತ್ತಿರ ಹೇಳಿದರು. ಅದಕ್ಕಾಗಿ ಒಂದು ಉಪಾಯ ಮಾಡಿದರು. ಹಳೆಯ ಗೋಣಿಚೀಲಗಳನ್ನು ಬಿಚ್ಚಿ ಹೊಲಿದು, ಅಣ್ಣನ ಮಾಡಿನ ಮೇಲೆ ಹಾಸಿ, ಕನ್ನಡಿ ಶೀಟು ಮಾತ್ರ ಬಿಟ್ಟು, ಬೆಳಗ್ಗೆ ಕಚೇರಿಗೆ ಹೋಗುವ ಮುಂಚೆ ನೀರು ಹುಯ್ದು ನೆನೆಸಿಡುವುದು. ಒಳಗೆ ಹೋಗಿ ನಾನೇ ನೋಡಿದೆ. ನಿಜವಾಗಿಯೂ ತಂಪಾಗಿತ್ತು. ಅಷ್ಟು ವರ್ಷಗಳಲ್ಲಿ ಗೆದ್ದ ಉಪಾಯ ಅದೊಂದೇ ಅನ್ನಬೇಕು.

ಆದರೆ ನಮ್ಮ ಬೀದಿಗೆ ನಲ್ಲಿಯಲ್ಲಿ ನೀರು ಬರುವುದು ಯಾವತ್ತೋ ಒಮ್ಮೆ. ಬೇಸಿಗೆ ಏರಿದಂತೆ ಅದೂ ದೂರವಾಯಿತು. ಕೊಡಗಳ ಸಾಲಿನಲ್ಲಿ ನಿಂತ ಹೆಂಗಸರು ಅಕ್ಕನ ಮುಖಕ್ಕೇ ಹೇಳಿದರು, ಕುಡಿಯಲು ಇಲ್ಲದ ನೀರನ್ನು ಮಾಡಿಗೆ ಹಾಕುತ್ತೀರಲ್ಲ ಎಂದು. ಅವರದೂ ತಪ್ಪಲ್ಲ. ಅವರ ಮನೆಯಲ್ಲೂ ಮಗ್ಗ ಇತ್ತು, ಅವರ ಗಂಡಂದಿರೂ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದರು. ಅಕ್ಕ ಯಾರ ಮೇಲಾದರೂ ರೇಗುವವರು, ಅಂದು ರೇಗಲಿಲ್ಲ. ಬಟ್ಟೆ ಒಗೆದ ನೀರು ಹುಯ್ದು ನೋಡಿದರು, ತಾವು ಸ್ನಾನ ಬಿಟ್ಟು ಆ ನೀರು ಹುಯ್ದು ನೋಡಿದರು. ಮೇ ಶುರುವಿನಲ್ಲಿ ಕಡುಬಿಸಿಲಿನ ಅಗ್ನಿನಕ್ಷತ್ರ ಹುಟ್ಟುವ ಹೊತ್ತಿಗೆ ಗೋಣಿ ಒಣಗಿ ಗರಿಗರಿಯಾಗಿ, ಗಾಳಿಗೆ ಹಾರಿ ನನ್ನ ಅಂಗಡಿಯ ಮುಂದೆ ಬಂದು ಬಿತ್ತು. ನಾನು ಮಡಿಸಿ ಇಟ್ಟೆ. ಅಕ್ಕ ಬಂದು ಕೇಳಲೂ ಇಲ್ಲ.

ಅದಾದ ಕೆಲವೇ ದಿನಕ್ಕೆ ಅಣ್ಣ ಬಿದ್ದ. ನಡುಮಧ್ಯಾಹ್ನ. ಅಕ್ಕ ಊರಿನ ಇನ್ನೊಂದು ತುದಿಯಲ್ಲಿ, ಯಾವುದೋ ಪಂದಲಿನ ರಿಬ್ಬನ್ ಕತ್ತರಿಸುವ ಕಡೆ, ಪುಸ್ತಕ ಹಂಚುತ್ತಿದ್ದರು. ಅವನ ಹೆಂಡತಿ ಊಟಕ್ಕೆ ಕರೆಯಲು ಹೋದವಳು ಅಂಗಡಿಗೆ ಓಡಿ ಬಂದಳು. ನಾನು ಹೋಗಿ ನೋಡಿದಾಗ ಕಾಲು ಗುಂಡಿಯಲ್ಲಿ, ಹಣೆ ಅರ್ಧ ನೇಯ್ದ ಸೀರೆಯ ಮೇಲೆ. ಮೈ ಮುಟ್ಟಲಾಗದಷ್ಟು ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ಎಳೆದು ಮಲಗಿಸಿ, ಮನೆಯಲ್ಲಿದ್ದ ಕುಡಿಯುವ ನೀರನ್ನೆಲ್ಲ ಮೈಮೇಲೆ ಸುರಿದೆವು. ಆಮೇಲೆ ಆಟೋ. ಆಸ್ಪತ್ರೆಯಲ್ಲಿ ಅವರು ಕೈಲಾದದ್ದನ್ನು ಮಾಡಿದರು, ಆ ದಿನ ಅಲ್ಲಿ ಅಂಥವರು ಇನ್ನೂ ಬಹಳ ಮಂದಿ ಇದ್ದರು. ಅಕ್ಕ ಬಂದು ತಲುಪುವ ಹೊತ್ತಿಗೆ ಪ್ರಾಣ ಇತ್ತು, ಮಾತಿರಲಿಲ್ಲ. ಸಂಜೆಗೆ ಮುಂಚೆ ಪ್ರಾಣವೂ ಹೋಯಿತು.

ಇದಾದ ಮೇಲೆ ನಡೆದದ್ದನ್ನು ಹೇಳದೆ ಇರಲಾರೆ. ಅಕ್ಕ ವರ್ಷಗಳಿಂದ ಕಚೇರಿಯಲ್ಲಿ ಹೇಳುತ್ತಿದ್ದ ಒಂದು ಮಾತಿತ್ತು. ಬಿಸಿಲಿಗೆ ಸತ್ತವರನ್ನು ಯಾರೂ ಬಿಸಿಲಿಗೆ ಸತ್ತರು ಎಂದು ಬರೆಯುವುದಿಲ್ಲ, ಹೃದಯ ನಿಂತಿತು ಎನ್ನುತ್ತಾರೆ. ಹೃದಯ ಎಲ್ಲರದೂ ನಿಲ್ಲುತ್ತದೆ. ಹೀಗಾದರೆ ಮೇಲಿನವರ ಕಣ್ಣಿಗೆ ಬಿಸಿಲು ಬೀಳುವುದು ಯಾವಾಗ ಎಂದು. ಅಣ್ಣನನ್ನು ನೋಡಿದ ಡಾಕ್ಟರು ಸಣ್ಣ ವಯಸ್ಸಿನವರು, ನಿದ್ದೆಗೆಟ್ಟ ಮುಖ. ನನಗೂ ಬಿಸಿಲೆಂದೇ ಅನ್ನಿಸುತ್ತದೆ, ಆದರೆ ಹಾಗೆಂದು ಬರೆಯಬೇಕಾದರೆ ಪೋಸ್ಟ್‌ಮಾರ್ಟಂ ಆಗಬೇಕು, ನೀವು ಹೂಂ ಅಂದರೆ ನಾಳೆ ಮಾಡಿಸುತ್ತೇನೆ ಎಂದು ಮೆತ್ತಗೆ ಹೇಳಿದರು. ಅಕ್ಕ ಹೂಂ ಅನ್ನಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಅವರ ಅತ್ತಿಗೆ, ಸತ್ತವನ ಹೆಂಡತಿ, ಎರಡೂ ಕೈಯಲ್ಲಿ ಅಕ್ಕನ ಕೈ ಹಿಡಿದುಕೊಂಡಳು. "ಅವ್ರ ಮೈ ಕುಯ್ಯೋದ್ ಬ್ಯಾಡ ತಾಯಿ. ಇಡೀದಾಗೇ ಕಳಿಸ್ಕೊಡ್ಲಿ" ಎಂದಳು.

ಅಕ್ಕ ನನ್ನ ಕಡೆ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ ತಮಿಳಿನಲ್ಲಿ, ಹಾರ್ಟ್ ಎಂದೇ ಬರೆದುಕೊಳ್ಳಿ ಸಾರ್ ಎಂದರು. ಹೊರಗೆ ಬಂದು ಗೋಡೆಗೆ ಒರಗಿ ಕೂತರು. ಅವರು ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ಅತ್ತವನು ನಾನು.

ಆ ಸೀರೆ ಮಗ್ಗದ ಮೇಲೆಯೇ ಉಳಿಯಿತು. ಮಗ್ಗಕ್ಕೇರಿದ ಹಾಸು ಮುಗಿಯದೆ ಇಳಿಯಬಾರದು, ನಡುವೆ ಕತ್ತರಿಸಬಾರದು ಎಂಬುದು ನಮ್ಮ ಬೀದಿಯ ರೂಢಿ. ಅದರಲ್ಲೂ ಅದು ಮದುಮಗಳ ಸೀರೆ. ಯಾರ ಮನೆಯ ಮಗ್ಗವೋ ಆ ಮನೆಯವರೇ ಮುಗಿಸಬೇಕು. ಅಣ್ಣನಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರನ್ನೂ ಕಂಬೈನಲ್ಲೂರಿನ ಕಡೆ ಕೊಟ್ಟಿದೆ, ಇಬ್ಬರಿಗೂ ನೇಯಲು ಬರುವುದಿಲ್ಲ. ಓದಲಿ ಎಂದು ಅವನೇ ಮಗ್ಗ ಮುಟ್ಟಿಸಿರಲಿಲ್ಲ. ಅತ್ತಿಗೆಯ ಕಣ್ಣಿಗೆ ಎಳೆ ಕಾಣುವುದಿಲ್ಲ. ಸೀರೆಯವರ ಕಡೆಯಿಂದ ಯಾರೋ ಬಂದು ಸಾವಿಗೆ ಮರುಗಿ, ಮುಹೂರ್ತ ವೈಕಾಸಿಯ ಕೊನೆಗೆ ಎಂದು ಮೆಲ್ಲಗೆ ನೆನಪು ಮಾಡಿ ಹೋಗಿದ್ದರು. ಬಿಸಿಲ ನೆವ ಹೇಳಲು ಆಗುವಂಥದ್ದಲ್ಲ ಅದು.

ಅಕ್ಕನಿಗೆ ಶಾಲು ಹೊದಿಸಿದ ಮರುದಿನ ಮಧ್ಯಾಹ್ನ ನಾನು ಅಂಗಡಿಯಲ್ಲಿ ಕೂತಿದ್ದೆ. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಅವರಣ್ಣನ ಮನೆಯಿಂದ ಲಾಳಿಯ ಸದ್ದು ಕೇಳಿಸಿತು. ಮೊದಲು ತಡೆತಡೆದು, ಆಮೇಲೆ ಒಂದೇ ಹದದಲ್ಲಿ. ಉಪ್ಪು ಸಕ್ಕರೆಯ ಪೊಟ್ಟಣ ಒಂದು ಹಿಡಿ, ನೀರಿನ ಬಾಟಲಿ ಒಂದು ತೆಗೆದುಕೊಂಡು ಹೋಗಿ ಬಾಗಿಲು ತಳ್ಳಿದೆ.

ಕನ್ನಡಿ ಶೀಟಿನಿಂದ ಬೆಳಕು ನೇರ ಅವರ ಮೇಲೆ ಬೀಳುತ್ತಿತ್ತು. ಅಣ್ಣನ ಜಾಗದಲ್ಲಿ, ಗುಂಡಿಯಲ್ಲಿ ಕಾಲು ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಕ್ಕ ಕೂತಿದ್ದರು. ಮದುವೆಯಾಗುವ ತನಕ ಅವರೂ ಆ ಮಗ್ಗದಲ್ಲಿ ನೇಯ್ದವರೇ, ಕೈ ಮರೆತಿರಲಿಲ್ಲ. ಫ್ಯಾನು ನಿಂತಿತ್ತು, ಕಿಟಕಿ ಮುಚ್ಚಿತ್ತು. ಕಿಟಕಿಯ ಸಂದಿಯಲ್ಲಿ ಆ ಪುಸ್ತಕ ಹಾಗೆಯೇ ಇತ್ತು. ನಾನು ಹೊಸ್ತಿಲಲ್ಲಿ ನಿಂತೇ ಪಕ್ಕದ ಗೋಡೆಯ ಮೇಲೆ ಅಂಗೈ ಇಟ್ಟೆ, ಇಡಲಾಗದೆ ತೆಗೆದೆ. ಏನೇನೋ ಹೇಳಬೇಕೆಂದಿತ್ತು. ಹನ್ನೆರಡರಿಂದ ಮೂರರ ತನಕ ಕೆಲಸ ಬೇಡ, ಗಂಟೆಗೊಮ್ಮೆ ನೀರು ಕುಡಿಯಿರಿ, ಗಾಳಿಯಾಡಲು ಬಿಡಿ. ಎಲ್ಲವೂ ಅವರೇ ನನಗೆ ಕಲಿಸಿದ ಮಾತುಗಳು. ಬಾಟಲಿಯನ್ನೂ ಪೊಟ್ಟಣಗಳನ್ನೂ ಬಗ್ಗಿ ಹೊಸ್ತಿಲ ಒಳಗೆ ಇಟ್ಟೆ.

ಲಾಳಿ ನಿಂತಿತು. ಹಾಸಿನಲ್ಲಿ ಒಂದು ಎಳೆ ತುಂಡಾಗಿತ್ತು. ಅವರು ತಲೆ ಎತ್ತದೆ, ಎರಡು ತುದಿಗಳನ್ನು ಹುಡುಕಿ ಬೆರಳಲ್ಲಿ ಹೊಸೆಯುತ್ತಾ ಹೇಳಿದರು:

"ಬಾಗ್ಲಾಕು ತಮ್ಮ, ಗಾಳಿ ಬತ್ತೈತೆ."

ಹೊರಗೆ ನಿಂತು ಹಾಕಲೋ ಒಳಗೆ ಬಂದು ಹಾಕಲೋ ಒಂದು ಕ್ಷಣ ತಿಳಿಯಲಿಲ್ಲ. ಒಳಗೆ ಬಂದು ಹಾಕಿದೆ.